ಸೀಟಿನಡಿಯ ಗಂಟು

ಮೊದಲು ಬಂದದ್ದು ವಾಸನೆ.
ಸುಟ್ಟ ಬೆಲ್ಲದ್ದಲ್ಲ, ಸುಟ್ಟ ಕೂದಲದ್ದೂ ಅಲ್ಲ,
ಈ ಕಸುಬಿನವರಿಗಷ್ಟೇ ಗೊತ್ತಿರುವ ಮೂರನೆಯದು.
ಕಲಾಸಿಪಾಳ್ಯದ ಹಿಂದಿನ ಗಲ್ಲಿ, ಮುನಿವೆಂಕಟಪ್ಪನ ಕ್ರೇನು,
ಒಂದು ಚಕ್ರ ಮೋರಿಕಲ್ಲಿನ ಮೇಲೆ.
ಕ್ಯಾಬಿನ್ನಿನಲ್ಲಿ ಹೊಸ ವೈರ್‌ಲೆಸ್ ಸೆಟ್ಟು,
ಅದರ ಮುಂದೆ ಇಮ್ತಿಯಾಜು
ಕೈ ಹಿಂದಕ್ಕೆ ಕಟ್ಟಿ ನಿಂತಿದ್ದ,
ಬೆರಳು ಇನ್ನು ತನ್ನವಲ್ಲ ಎಂಬ ಹಾಗೆ.

‘ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪೇ ಕೊಟ್ಟೆ, ಗುರು.’
ಮೀಟರ್ ಇಟ್ಟೆ. ಮೈನಸ್ ಹನ್ನೆರಡೂವರೆ.
ಮೀಟರಿಗೆ ದಾಕ್ಷಿಣ್ಯವಿಲ್ಲ.
ಬೈದೆ.
ಎದುರಿನ ಬ್ಯಾಟರಿ ಅಂಗಡಿಯವರು ಕೆಲಸ ನಿಲ್ಲಿಸಿ
ಕೇಳುವಷ್ಟು ಬೈದೆ.
ಬಾನೆಟ್ಟಿಗೆ ಒರಗಿದ ಮುನಿವೆಂಕಟಪ್ಪ
ಬೀಡಿ ಆರಿದ್ದೂ ಗೊತ್ತಾಗದೆ, ‘ರಾತ್ರಿ ಡ್ಯೂಟಿ ಐತೆ ಸಾಮಿ,
ನೆಲಮಂಗಲದತ್ರ ಲಾರಿ ಮಗುಚ್ಕಂಡ್ರೆ
ನಂಗೆ ಯಾರು ಹೇಳ್ತಾರೆ?’

ಫ್ಯೂಸು ಹೋಗಿತ್ತು. ಹೊಸದು ಹಾಕಿದೆ.
ರೆಪ್ಪೆ ಬಡಿಯುವುದರೊಳಗೆ ಅದೂ ಹೋಯಿತು.
ಅಂದರೆ ಒಳಗೆ ಯಾರೋ ಬಾಗಿಲಿಗೆ ಅಡ್ಡ ಬಿದ್ದಿದ್ದಾರೆ.
ಎಂಟು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದರೆ
ಕರೆಂಟು ಬರುವ ದಾರಿಯಲ್ಲೇ ಒಂದು ಡಯೋಡು,
ಹುರಿದ ಹುಣಸೆಬೀಜದಂತೆ ಬಿರಿದು.
ಉಲ್ಟಾ ಬಂದವನನ್ನು ತಡೆಯುವುದಷ್ಟೇ ಅದರ ಕೆಲಸ.
ತಡೆದಿತ್ತು.

ಜರ್ದಾ ಡಬ್ಬಿಯಲ್ಲಿ ಹುಡುಕಿದೆ.
ಸತ್ತ ಆಂಪ್ಲಿಫೈಯರಿನಿಂದ ಕಿತ್ತಿಟ್ಟದ್ದೊಂದು ಸಿಕ್ಕಿತು.
ಕೇಳದೆಯೇ ಇಮ್ತಿಯಾಜು ಟಾರ್ಚು ಹಿಡಿದ.
ಸೀಸ ಕರಗಿತು, ಹೊಳೆಯಿತು, ಕೂತಿತು.
ಈಗ ಕೆಂಪಿಗೆ ಕಪ್ಪು, ಕಪ್ಪಿಗೆ ಕೆಂಪು ಕೊಟ್ಟೆ,
ಎಡಗೈಯಲ್ಲಿ ಊಟ ಬಡಿಸಿದ ಹಾಗಾಯಿತು.

ಹಸಿರು ಅಂಕಿಗಳು ಎದ್ದವು.
ಒಂದಿಷ್ಟು ಗರಗರ, ಆಮೇಲೆ ಯಶವಂತಪುರದ ಕಂಟ್ರೋಲಿನ ಪ್ರಭಾವತಮ್ಮ,
ಯಾರಿಗೋ: ‘ಗೊರಗುಂಟೆಪಾಳ್ಯ ಜಾಮು, ಒಳಗಿಂದ ಬಾ, ಓವರ್.’
ಕೇಳುತ್ತದೆ, ಸರಿ.
ಮಾತಾಡಲು ಗುಂಡಿ ಒತ್ತಿದರೆ
ಅಂಕಿ ಕಂದಿ, ಆರಿ, ಮತ್ತೆ ಮೊದಲಿನಿಂದ ಎದ್ದು ಕೂರುತ್ತದೆ.
ಸುಮ್ಮನಿದ್ದಾಗ ಹನ್ನೆರಡೂವರೆ ಓಲ್ಟು,
ದನಿ ತೆಗೆದ ಕೂಡಲೇ ಒಂಬತ್ತು.
ಇಂಥ ಮನುಷ್ಯರನ್ನೂ ಕಂಡಿದ್ದೇನೆ.

ಬ್ಯಾಟರಿಯ ತಲೆಯಿಂದ ತಂತಿ ಹಿಡಿದು ಹೊರಟೆವು.
ರಬ್ಬರು ಬುಶ್ಶು ದಾಟಿ, ಮ್ಯಾಟಿನಡಿ ನುಸುಳಿ,
ಡ್ರೈವರ್ ಸೀಟು ಎತ್ತಿದರೆ
ಕಡಲೆಸಿಪ್ಪೆ, ನಾಲ್ಕಾಣೆ,
ಈಗ ಮಾಲ್ ಆಗಿರುವ ಥಿಯೇಟರಿನ ಬಾಲ್ಕನಿ ಟಿಕೆಟ್ಟು,
ಅದರ ಪಕ್ಕ ಎರಡು ಗಂಟು.
ಕೆಂಪಾಗಿ ಬಂದದ್ದು ಇಲ್ಲಿಂದ ಕಪ್ಪಾಗಿ ಹೋಗಿತ್ತು,
ಕಪ್ಪು, ಕೆಂಪಾಗಿ.
ಬೆಸುಗೆಯಿಲ್ಲ, ಬರೀ ತಿರುಚಿದ್ದು; ತಾಮ್ರಕ್ಕೆ ಹಸಿರು ಕಿಲುಬು.
ಮೇಲೆ ಸುತ್ತಿದ ಬಟ್ಟೆಟೇಪಿನ ತುದಿ
ಚೂರೇ ಚೂರು ಒಳಮಡಚಿತ್ತು,
ಮುಂದೆ ಬಿಚ್ಚುವವನ ಉಗುರಿಗೆ ಸಿಗಲಿ ಎಂದು.

ಈ ಗಲ್ಲಿಯಲ್ಲಿ ಟೇಪಿನ ತುದಿ ಮಡಚುವವರು ಇಬ್ಬರೇ.
ಒಬ್ಬ ಇಮ್ತಿಯಾಜು. ಈ ಟಿಕೆಟ್ಟಿನ ಕಾಲಕ್ಕೆ
ಅವನಿನ್ನೂ ಹುಟ್ಟಿರಲಿಲ್ಲ.

ಅವತ್ತು ಯಾವುದೋ ಬಂದ್. ಎಸ್.ಪಿ. ರಸ್ತೆಗೆಲ್ಲ ಶಟರು.
ಇದ್ದ ತುಂಡುಗಳಲ್ಲೇ ಜೋಡಿಸಿ
‘ಸೋಮವಾರ ಬಾ, ಸರಿಯಾದ್ದು ಹಾಕ್ತೀನಿ’ ಅಂದಿದ್ದೆ.
ಹಳೇ ಸೆಟ್ಟನ್ನು ಆ ಲೆಕ್ಕಕ್ಕೇ ಕಟ್ಟಿದ್ದೆ. ನಡೆಯಿತು.
ಸೋಮವಾರಗಳೇನೋ ತಪ್ಪದೆ ಬಂದವು.

ಹುಡುಗ ಮಡಚಿದ ತುದಿ ನೋಡಿದ.
ನನ್ನ ಉಗುರು ನೋಡಿದ.
ಏನೂ ಹೇಳದೆ ಕಟಿಂಗ್ ಪ್ಲೇಯರ್ ಹುಡುಕತೊಡಗಿದ,
ಅದು ಅವನ ಜೇಬಿನಲ್ಲೇ ಇತ್ತು.

ಹೊಸ ತಂತಿ, ಒಂದೇ ಉದ್ದ, ನಡುವೆ ಗಂಟಿಲ್ಲ.
ಬಣ್ಣ ಬಣ್ಣದ ಮಾತು ಉಳಿಸಿಕೊಂಡಿತು.
ಮೈಕು ಅವನ ಕೈಗೇ ಕೊಟ್ಟೆ.
‘ಕಂಟ್ರೋಲ್, ಕೇಳಿಸ್ತಿದೆಯಾ?’
‘ಚೆನ್ನಾಗಿ ಕೇಳಿಸ್ತಿದೆ ಕಣಪ್ಪ. ಏನಾಗಿತ್ತು? ಓವರ್.’
ಅವನು ನನ್ನ ಕಡೆ ತಿರುಗಲಿಲ್ಲ.
‘ಹಳೇ ಜಾಯಿಂಟು ಮೇಡಂ. ಓವರ್.’
ಗುಂಡಿ ಬಿಟ್ಟ.

ಎದುರಿನ ಬ್ಯಾಟರಿ ಅಂಗಡಿಯಲ್ಲಿ
ಆ ನಾಲ್ವರೂ ಇನ್ನೂ ಕೂತಿದ್ದರು.
ಅಲ್ಲಿಯವರೆಗೆ ಮುಟ್ಟುವಂತೆ ಹೇಳಬೇಕಿತ್ತು.
ಎಷ್ಟು ಓಲ್ಟು ಇಳಿಯುತ್ತದೋ ನೋಡೋಣವೆಂದು
ಗಂಟಲು ಸರಿಮಾಡಿಕೊಂಡೆ.